ನಿಮಗಿದು ಗೊತ್ತೇ? ಮಡಚದ ಪುಟ್ಟ ಚೂರಿ

ಪಾರ್ಸೆಲ್ ಬಿಚ್ಚಲು, ಸೇಬು ಹೆಚ್ಚಲು, ಹುರಿ ಕತ್ತರಿಸಲು ಚೀಲದಲ್ಲೊಂದು ಚಾಕು ಇಟ್ಟುಕೊಳ್ಳುವವರು ಸಾಮಾನ್ಯವಾಗಿ ಮಡಚುವಂಥದ್ದನ್ನೇ ಕೊಳ್ಳುತ್ತಾರೆ. ಮಡಚದ ಚೂರಿಗೆ ಒಂದು ಅನುಕೂಲವಿದೆ: ಕೀಲಿಲ್ಲ, ಸ್ಪ್ರಿಂಗಿಲ್ಲ, ಮಾವಿನ ರಸ ಇಳಿದು ಅಂಟಿಕೊಳ್ಳುವ ಸಂದಿಯೂ ಇಲ್ಲ. ನಲ್ಲಿ ಕೆಳಗೆ ಹಿಡಿದು ಒರೆಸಿದರೆ ಮುಗಿಯಿತು.

ಲಂಡನ್ನಿನ ಬೀದಿಯಲ್ಲಿ ಮಾತ್ರ ಈ ಅನುಕೂಲ ನಡೆಯದು. 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ ಪ್ರಕಾರ ಅಲ್ಲಿ ಕಾರಣ ಹೇಳದೆ ಒಯ್ಯಬಹುದಾದದ್ದು ಅಲಗಿನ ಬಾಯಿ 3 ಇಂಚು (7.62 ಸೆಂ.ಮೀ.) ಮೀರದ ಮಡಚುವ ಚಾಕು ಮಾತ್ರ, ಅದೂ ತೆರೆದಾಗ ಲಾಕ್ ಆಗದಂಥದ್ದು. ಮಡಚದ ಚೂರಿ ಬೆರಳುದ್ದವಿದ್ದರೂ ತಕ್ಕ ಕಾರಣ ಬೇಕು. 'ಆತ್ಮರಕ್ಷಣೆಗೆ' ಎಂದರೆ ಒಪ್ಪುವುದಿಲ್ಲ. ಅಡುಗೆಯವರು ಕೆಲಸಕ್ಕೆ ಒಯ್ದರೆ, ಸಿಖ್ಖರು ಕಿರ್ಪಾನ್ ಧರಿಸಿದರೆ, ಸ್ಕಾಟರು ತಮ್ಮ ಉಡುಗೆಯ ಭಾಗವಾಗಿ ಕಾಲುಚೀಲದಲ್ಲಿ ಪುಟ್ಟ ಚೂರಿ ಸಿಕ್ಕಿಸಿಕೊಂಡರೆ ತಕರಾರಿಲ್ಲ.

ಜಪಾನಿನಲ್ಲಿ ಸಕಾರಣವಿಲ್ಲದೆ 6 ಸೆಂ.ಮೀ. ಮೀರಿದ ಅಲಗು ಒಯ್ಯುವಂತಿಲ್ಲ. ಜರ್ಮನಿಯಲ್ಲಿ ಮಡಚದ ಚೂರಿಯ ಅಲಗಿಗೆ ಮಿತಿ 12 ಸೆಂ.ಮೀ.

ನಮ್ಮಲ್ಲಿ? ಆಯುಧ ನಿಯಮಗಳ 5ನೇ ವರ್ಗದಲ್ಲಿ ಬರುವ ಚಾಕುಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನವು. ಮನೆಬಳಕೆ, ಕೃಷಿ, ಕೈಗಾರಿಕೆಗೆಂದೇ ಮಾಡಿದವು ಇದರಿಂದ ಹೊರಗೆ. ದೆಹಲಿಯದು ಬೇರೆ ಕಥೆ: 1980ರ ಅಧಿಸೂಚನೆಯೊಂದು ಗುಂಡಿ ಒತ್ತಿದರೆ ತೆರೆದುಕೊಳ್ಳುವಂಥ ಚಾಕುಗಳನ್ನು ನಿರ್ಬಂಧಿಸಿತು, ಅಲಗಿನ ಉದ್ದ 7.62 ಸೆಂ.ಮೀ., ಅಗಲ 1.72 ಸೆಂ.ಮೀ. ಮುಟ್ಟಿದರೆ ಅದು ಅನ್ವಯ. ಅಂಚೆಚೀಟಿ ಅಳೆಯುವವರ ಹಾಗೆ ಪೊಲೀಸರು ಮಿಲಿಮೀಟರ್ ಲೆಕ್ಕ ಹಾಕಬೇಕಾದ ಕಾನೂನು ಇದು!

ಸ್ಕಾಟರಲ್ಲಿನಂತೆ ಕೊಡಗಿನಲ್ಲೂ ಮಡಚದ ಪುಟ್ಟ ಚೂರಿ ಉಡುಗೆಯ ಅಂಗ. ಕುಪ್ಯ ಎಂಬ ನಿಲುವಂಗಿಯ ಮೇಲೆ ಬಿಗಿದ ರೇಷ್ಮೆ ನಡುಪಟ್ಟಿ ಚೇಲೆಯಲ್ಲಿ ಮುಂದೆ ಪೀಚೆಕತ್ತಿ ಸಿಕ್ಕಿಸಿಕೊಳ್ಳುತ್ತಾರೆ. ಮದುವೆಯಲ್ಲಿ ಬಾಳೆದಿಂಡು ಕಡಿಯುವ ಕೆಲಸ ಮಾತ್ರ ಇದರದ್ದಲ್ಲ, ದೊಡ್ಡ ಒಡಿಕತ್ತಿಯದು. ಪೀಚೆಕತ್ತಿಯ ಅಂದವೆಲ್ಲ ಹಿಡಿ ಮತ್ತು ಒರೆಯ ಕುಸುರಿಯಲ್ಲಿದೆ.

ಒರೆಯ ಮಾತು ಬಂತು. ಕೊಳ್ಳುವವರು ಅಲಗನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ, ಒರೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ನನ್ನ ಮಟ್ಟಿಗೆ ಇದು ತಲೆಕೆಳಗು. ಮಡಚದ ಚೂರಿಗೆ ಒರೆಯೇ ಬೀಗ. ತಲೆಕೆಳಗಾಗಿ ಹಿಡಿದು ಅಲುಗಿಸಿದರೆ ಒರೆಯಿಂದ ಜಾರಿ ಬೀಳುವ ಚೂರಿಯನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಚರ್ಮದ ಒರೆ ನೋಡಲು ಚೆಂದ, ಆದರೆ ತೇವ ಹೀರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಅದರೊಳಗೇ ಬಿಟ್ಟರೆ ಅಲಗಿಗೆ ತುಕ್ಕು. ಈಗ ಹೆಚ್ಚು ಓಡುವುದು ಕೈಡೆಕ್ಸ್ ಎಂಬ ಪ್ಲಾಸ್ಟಿಕ್. ಬಿಸಿ ಮಾಡಿ ಚೂರಿಯ ಮೇಲೇ ಒತ್ತಿ ರೂಪ ಕೊಡುವುದರಿಂದ 'ಟಕ್' ಎಂದು ಕಚ್ಚಿಕೊಳ್ಳುತ್ತದೆ. 1960ರ ದಶಕದಲ್ಲಿ ಅದನ್ನು ತಯಾರಿಸಿದ್ದು ವಿಮಾನದ ಒಳಾಂಗಣಕ್ಕಾಗಿ.

ತುಕ್ಕು ಹಿಡಿಯದ ಉಕ್ಕು ಎಂದರೆ ನೆನಪಾಗುವ ಹೆಸರು ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯವರದು. 1913ರಲ್ಲಿ ಅವರು ಹುಡುಕುತ್ತಿದ್ದದ್ದು ಬಂದೂಕಿನ ನಳಿಕೆಗೆ ಸವೆಯದ ಲೋಹ. ಕ್ರೋಮಿಯಂ ಬೆರೆತ ಆ ಉಕ್ಕು ಹೆಸರು ಮಾಡಿದ್ದು ಊಟದ ಚಾಕುವಾಗಿ. ನಿಂಬೆಹಣ್ಣು ಕತ್ತರಿಸುವವರಿಗೆ ಇದೇ ಸಲೀಸು. ಕಾರ್ಬನ್ ಉಕ್ಕು ಸಾಣೆಗೆ ಬೇಗ ಒಲಿಯುತ್ತದೆ, ಹುಳಿ ತಾಗಿದರೆ ಕಪ್ಪಿಡುತ್ತದೆ.

ಅಲಗಿನ ಉಕ್ಕು ಹಿಡಿಯ ಪೂರ್ತಿ ಅಗಲಕ್ಕೂ ತುದಿಯವರೆಗೂ ಹಾಯ್ದಿದ್ದರೆ ಅದು 'ಫುಲ್ ಟ್ಯಾಂಗ್'. ಗಟ್ಟಿ ಹೌದು, ಭಾರವೂ ಹೌದು. ಪೆಟ್ಟಿಗೆ ಬಿಚ್ಚುವವರಿಗೆ ಅಷ್ಟು ಬೇಕಿಲ್ಲ: ಉತ್ತರ ಯುರೋಪಿನವರ ಪುಕ್ಕೋ, ಮೋರಾ ಚೂರಿಗಳಲ್ಲಿ ಹಿಡಿಯೊಳಗೆ ಸೇರುವುದು ಸಾಮಾನ್ಯವಾಗಿ ತೆಳ್ಳನೆಯ ಬಾಲ, ಆದರೂ ಅವು ಕಟ್ಟಿಗೆಯನ್ನೇ ಕೆತ್ತುತ್ತವೆ.

ಚೂಪು ಮೊನೆ ಬೇಡವೆನ್ನುವವರು ಮೊನೆಯ ಬಳಿ ಬೆನ್ನು ಕೆಳಕ್ಕೆ ಬಾಗಿದ, ಬಾಯಿ ನೇರವಾದ ಅಲಗು ಕೇಳಿ. ನಾವಿಕರು ಹಗ್ಗ ಕತ್ತರಿಸಲು ಬಳಸುತ್ತಿದ್ದ ಆಕಾರ ಅದು; ಓಲಾಡುವ ಬಸ್ಸಿನಲ್ಲಿ ಹಣ್ಣು ಹೆಚ್ಚುವಾಗಲೂ ಒಳ್ಳೆಯದೇ.

ಬಸ್ಸಿನಲ್ಲಿ ನಡೆದದ್ದು ವಿಮಾನದಲ್ಲಿ ನಡೆಯದು. 2013ರ ಮಾರ್ಚಿನಲ್ಲಿ ಅಮೆರಿಕದ ವಿಮಾನ ಭದ್ರತಾ ಸಂಸ್ಥೆ ಸುಮಾರು 6 ಸೆಂ.ಮೀ. ಒಳಗಿನ ಅಲಗಿನ ಮಡಚುವ ಚಾಕುಗಳಿಗೆ ಕ್ಯಾಬಿನ್‌ನಲ್ಲಿ ಅವಕಾಶ ಕೊಡಲು ಹೊರಟು, ಗಗನಸಖಿಯರು ಸೇರಿದಂತೆ ಹಲವರ ವಿರೋಧಕ್ಕೆ ಮಣಿದು ಜೂನಿನಲ್ಲಿ ಕೈಬಿಟ್ಟಿತು. ಮಡಚದ ಚೂರಿಗೆ ಆ ಪಟ್ಟಿಯಲ್ಲೂ ಜಾಗವಿರಲಿಲ್ಲ. ವಿಮಾನ ಹತ್ತುವ ದಿನ ನಿಮ್ಮದನ್ನು ಚೆಕ್-ಇನ್ ಚೀಲಕ್ಕೆ ಹಾಕಿ; ಇಳಿಯುವ ಊರಿನ ಅಳತೆಯನ್ನು ಮೊದಲೇ ಕೇಳಿಕೊಳ್ಳಿ.