ಲಿವರ್‌ಪೂಲಿನ ಸಾವಿನ ಲೆಕ್ಕ

ಕಾಲಿಗೆರಗಿದ ಮಗುವನ್ನು ನೂರು ವರ್ಷ ಬಾಳೆಂದು ಹರಸುವ ರೂಢಿ ನಮ್ಮದು. ಆದರೆ 1842ರಲ್ಲಿ ಎಡ್ವಿನ್ ಚಾಡ್ವಿಕ್ ಎಂಬವರು ಬ್ರಿಟನ್ನಿನ ದುಡಿಯುವ ಜನರ ಆರೋಗ್ಯವನ್ನು ಕುರಿತು ಪ್ರಕಟಿಸಿದ ವರದಿಯನ್ನು ತೆರೆದು ನೋಡಿರಿ. ಲಿವರ್‌ಪೂಲ್ ನಗರದಲ್ಲಿ ತೀರಿಕೊಂಡವರ ಸರಾಸರಿ ವಯಸ್ಸು ಸಿರಿವಂತರ ಮನೆಗಳಲ್ಲಿ 35, ವ್ಯಾಪಾರಿಗಳಲ್ಲಿ 22, ಕೂಲಿಕಾರರಲ್ಲಿ ಬರಿಯ 15! ಹಳ್ಳಿಗಾಡಾದ ರಟ್ಲೆಂಡಿನ ಕೂಲಿಕಾರರಿಗಾದರೋ ಅದು 38. ಪಟ್ಟಣದ ಧನಿಕನಿಗಿಂತ ಹಳ್ಳಿಯ ಬಡವನ ಆಯುಸ್ಸೇ ಹೆಚ್ಚೆಂದಾಯಿತು.

ಹಾಗೆಂದರೆ ಲಿವರ್‌ಪೂಲಿನ ಕೂಲಿಕಾರರೆಲ್ಲ ಹದಿನೈದಕ್ಕೇ ಅಸುನೀಗುತ್ತಿದ್ದರೆಂದು ತಿಳಿಯಬೇಡಿರಿ. ನಾಲ್ವರು ತೀರಿಕೊಂಡರೆನ್ನೋಣ. ಇಬ್ಬರು ಒಂದು ವರ್ಷದ ಕೂಸುಗಳು, ಒಬ್ಬ ಎಂಟರ ಹುಡುಗ, ಇನ್ನೊಬ್ಬ ಐವತ್ತರ ಗೃಹಸ್ಥ. ಎಲ್ಲ ಕೂಡಿದರೆ 60. ನಾಲ್ಕರಿಂದ ಭಾಗಿಸಿದರೆ 15. ಹದಿನೈದರಲ್ಲಿ ಸತ್ತವನು ಒಬ್ಬನೂ ಇಲ್ಲ. ಆ ಅಂಕಿಯ ಬೆನ್ನಿಗೆ ನಿಂತಿರುವುದು ತೊಟ್ಟಿಲುಗಳು. ಇದರಲ್ಲಿ ಒಂದು ತೊಡಕೂ ಉಂಟು: ಮಕ್ಕಳೇ ಹೆಚ್ಚಾಗಿರುವ, ಬೆಳೆಯುತ್ತಿರುವ ಊರಿನಲ್ಲಿ ಈ ಸರಾಸರಿ ತಾನಾಗಿಯೇ ಇಳಿಯುತ್ತದೆ. ಆದುದರಿಂದ ಸಾವಿರ ಜನರಿಗೆ ವರ್ಷಕ್ಕೆ ಎಷ್ಟು ಸಾವು ಎಂದು ಕೇಳುವುದೇ ಇದಕ್ಕಿಂತ ಮೇಲಾದ ಅಳತೆ.

ಈ ಲೆಕ್ಕಗಳಿಗೆ ಆಧಾರವೆಲ್ಲಿಯದು? 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜನನ, ಮರಣ, ವಿವಾಹಗಳನ್ನು ಸರಕಾರವೇ ದಾಖಲೆ ಮಾಡತೊಡಗಿತು. ವಿಲಿಯಂ ಫಾರ್ ಎಂಬ ವೈದ್ಯರು ಆ ಕಚೇರಿಯಲ್ಲಿ ಕುಳಿತು ಯಾವ ಊರಿನಲ್ಲಿ ಯಾವ ರೋಗಕ್ಕೆ ಎಷ್ಟು ಜನ ಬಲಿಯಾದರೆಂದು ವಿಂಗಡಿಸಿದರು. 1848ರ ಆರೋಗ್ಯ ಕಾನೂನು ಈ ಲೆಕ್ಕವನ್ನೇ ಕೋಲಾಗಿ ಹಿಡಿಯಿತು: ಸಾವಿರಕ್ಕೆ 23ಕ್ಕಿಂತ ಹೆಚ್ಚು ಸಾವಾದ ಊರಿನಲ್ಲಿ ಜನ ಕೇಳದಿದ್ದರೂ ಆರೋಗ್ಯ ಮಂಡಲಿಯನ್ನು ರಚಿಸಬಹುದಾಗಿತ್ತು.

ಲಿವರ್‌ಪೂಲು ಅಷ್ಟು ಕಾಲ ಕಾಯಲಿಲ್ಲವೆಂಬುದು ಅದರ ಹಿರಿಮೆ. 1847ರ ಆರಂಭದಲ್ಲಿಯೇ ಡಾ. ಡಂಕನ್ನರನ್ನು ಊರಿನ ಆರೋಗ್ಯಾಧಿಕಾರಿಯಾಗಿ ನೇಮಿಸಿತು. ಆ ದೇಶದಲ್ಲಿ ಅಂಥ ಹುದ್ದೆಗೆ ಅವರೇ ಮೊದಲಿಗರು. ಜೇಮ್ಸ್ ನ್ಯೂಲ್ಯಾಂಡ್ಸ್ ಎಂಬ ಎಂಜಿನಿಯರು ಚರಂಡಿಗಳ ಕೆಲಸವನ್ನು ಕೈಗೊಂಡರು. ಅದೇ ವರ್ಷ ಐರ್ಲೆಂಡಿನ ಬರಗಾಲದಿಂದ ಕಂಗೆಟ್ಟ ಲಕ್ಷಾಂತರ ಜನ ಹಡಗುಗಳಿಂದ ಬಂದಿಳಿದರು. ಗಾಳಿ ಬೆಳಕಿಲ್ಲದ ನೆಲಮಾಳಿಗೆಗಳಲ್ಲಿ ಅವರು ಕಿಕ್ಕಿರಿದರು. ಹೇನಿನಿಂದ ಹರಡುವ ಟೈಫಸ್ ಜ್ವರ ಸಾವಿರಾರು ಜನರನ್ನು ನುಂಗಿತು. ಹೊಸ ಅಧಿಕಾರಿಗೆ ಎಂಥ ಮೊದಲ ವರ್ಷ!

ದಾಖಲೆ ಪುಸ್ತಕದಲ್ಲಿ ಬಿರುಕುಗಳೂ ಇದ್ದವು. ಮಗು ಹುಟ್ಟಿದುದನ್ನು ತಿಳಿಸದ ತಂದೆತಾಯಿಗಳಿಗೆ ದಂಡದ ಭಯ ಬಂದುದು 1874ರ ಕಾನೂನಿನಿಂದ. ಸತ್ತು ಹುಟ್ಟಿದ ಶಿಶುಗಳನ್ನಂತೂ 1927ರವರೆಗೆ ದಾಖಲೆ ಮಾಡುತ್ತಿರಲಿಲ್ಲ.

ಕೊಳವೆ ನೀರು, ಚರಂಡಿಗಳು ಬಂದ ಮೇಲೆ ಒಟ್ಟು ಸಾವು ಶತಮಾನದ ಕೊನೆಯ ಹೊತ್ತಿಗೆ ಇಳಿಮುಖವಾಯಿತು. ಕೂಸುಗಳ ಸಾವು ಮಾತ್ರ ಜಗ್ಗಲಿಲ್ಲ. ವಿಕ್ಟೋರಿಯಾ ರಾಣಿಯ ಆಳ್ವಿಕೆ ಮುಗಿಯುವಾಗಲೂ ಇಂಗ್ಲೆಂಡಿನಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 150 ವರ್ಷ ತುಂಬುವ ಮೊದಲೇ ಕಣ್ಮುಚ್ಚುತ್ತಿದ್ದವು. ಬೇಸಿಗೆಯ ಭೇದಿ ಇದಕ್ಕೆ ದೊಡ್ಡದೊಂದು ಕಾರಣ. ಬೀದಿಯ ಕುದುರೆ ಲದ್ದಿಯಲ್ಲಿ ಹುಟ್ಟಿದ ನೊಣ ಹಾಲಿನ ಮೇಲೆ ಕೂರುತ್ತಿತ್ತು. ಹಾಲನ್ನು ಉದ್ದನೆಯ ರಬ್ಬರು ಕೊಳವೆಯಿದ್ದ ಸೀಸೆಯಲ್ಲಿ ಕುಡಿಸುತ್ತಿದ್ದರು. ಮಗು ತಾನೇ ಹೀರಿಕೊಳ್ಳುತ್ತದೆ, ಕೆಲಸದ ತಾಯಿಗೆ ಕೈಬಿಡುವು ಎಂದು ಅದಕ್ಕೆ ಬಹಳ ಬೇಡಿಕೆ. ಆ ಕೊಳವೆಯ ಒಳಭಾಗವನ್ನು ತೊಳೆಯುವುದು ಯಾರಿಂದಲೂ ಆಗುತ್ತಿರಲಿಲ್ಲ.