ಸಮ್ಮಿಲನ ಕುಲುಮೆಯ ದೂಳು: ಋಣವೋ, ಧನವೋ?

2025ರ ಫೆಬ್ರುವರಿ 12ರಂದು ಫ್ರಾನ್ಸಿನ ಕಡರಾಶ್‌ನಲ್ಲಿರುವ ವೆಸ್ಟ್ ಎಂಬ ಟೊಕಮ್ಯಾಕ್ (ಕಾಂತಕ್ಷೇತ್ರದಿಂದ ಪ್ಲಾಸ್ಮಾವನ್ನು ಹಿಡಿದಿಡುವ ಸಮ್ಮಿಲನ ಯಂತ್ರ) ತನ್ನ ಪ್ಲಾಸ್ಮಾವನ್ನು 1,337 ಸೆಕೆಂಡು, ಅಂದರೆ 22 ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿದಿಟ್ಟಿತು. ಸುದ್ದಿಯಲ್ಲಿ ಎದ್ದು ಕಂಡದ್ದು ಸೆಕೆಂಡುಗಳ ಮತ್ತು ಡಿಗ್ರಿಗಳ ಲೆಕ್ಕ. ದಾಖಲೆ ದೊಡ್ಡದೇ, ಸಂಭ್ರಮಿಸಬೇಕಾದದ್ದೇ. ಆದರೆ ಉರಿಯುವ ಹೊತ್ತು ಹೆಚ್ಚಿದಂತೆ ಗೋಡೆ ಸವೆಯುತ್ತದೆ, ಕರಗುತ್ತದೆ, ಮೇಲೆ ಕೂತ ಪದರ ಸಿಪ್ಪೆಯಾಗಿ ಏಳುತ್ತದೆ; ಅದೆಲ್ಲ ದೂಳಾಗಿ ಪ್ಲಾಸ್ಮಾದೊಳಕ್ಕೆ ಉದುರುತ್ತದೆ. ಜಪಾನಿನ ಎಲ್‌ಎಚ್‌ಡಿ ಯಂತ್ರದಲ್ಲಿ 2013ರಲ್ಲಿ ಪ್ಲಾಸ್ಮಾ ಸುಮಾರು 48 ನಿಮಿಷ ಉಳಿದಿತ್ತು. ಅಲ್ಲಿನ ದೀರ್ಘ ಪ್ರಯೋಗಗಳಲ್ಲಿ ಕೆಲವನ್ನು ಕೊನೆಗೊಳಿಸಿದ್ದು ಗೋಡೆಯಿಂದ ಉದುರಿದ ಇಂಗಾಲದ ದೂಳು. ಇಂಥ ಕಣವೊಂದು ಪ್ಲಾಸ್ಮಾದ ಅಂಚಿನಲ್ಲೇ ಸುಟ್ಟುಹೋಗುತ್ತದೋ, ಒಡಲಿನವರೆಗೆ ನುಗ್ಗುತ್ತದೋ ಎಂಬುದನ್ನು ಅದರ ಗಾತ್ರ, ವೇಗಗಳ ಜೊತೆಗೆ ಅದು ಹೊತ್ತ ವಿದ್ಯುದಾವೇಶವೂ ತೀರ್ಮಾನಿಸುತ್ತದೆ. ಈ ಮೂರನೆಯದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಪ್ಲಾಸ್ಮಾದಲ್ಲಿ ಋಣ, ಧನ ಎರಡೂ ಸಮಸಮವಾಗಿರುವಾಗ ದೂಳಿಗೆ ಆವೇಶ ಬರುವುದಾದರೂ ಹೇಗೆ? ಪ್ರೋಟಾನು ಎಲೆಕ್ಟ್ರಾನಿಗಿಂತ 1,836 ಪಟ್ಟು ಭಾರ. ಆದ್ದರಿಂದ ಉಷ್ಣತೆ ಒಂದೇ ಇದ್ದರೆ ಎಲೆಕ್ಟ್ರಾನು ಅದಕ್ಕಿಂತ ಸುಮಾರು 43 ಪಟ್ಟು ವೇಗವಾಗಿ ಓಡಾಡುತ್ತದೆ. ಕಣಕ್ಕೆ ಮೊದಲು ಬಂದು ಬಡಿಯುವುದು ಎಲೆಕ್ಟ್ರಾನುಗಳೇ, ಬಡಿದವು ಅಲ್ಲೇ ಉಳಿಯುತ್ತವೆ. ಆಮೇಲೆ ನಡೆಯುವುದನ್ನು ಕೆರೆಯ ನೀರಿನ ಮಟ್ಟದಂತೆ ನೋಡಬಹುದು. ಕಾಲುವೆಯಿಂದ ನೀರು ಬರುತ್ತಿದೆ, ತೂಬಿನಿಂದ ಹೋಗುತ್ತಿದೆ. ಮಟ್ಟ ಏರಿದಷ್ಟೂ ಕಾಲುವೆಯ ನೀರು ಒಳಬರುವುದು ಕಷ್ಟವಾಗುತ್ತದೆ, ತೂಬಿನ ಹರಿವು ಜೋರಾಗುತ್ತದೆ. ಎರಡೂ ಸಮವಾದಲ್ಲಿ ಮಟ್ಟ ನಿಲ್ಲುತ್ತದೆ. ನಿಂತದ್ದು ಮಟ್ಟ ಮಾತ್ರ, ಹರಿವಲ್ಲ. ಕಣದ ಮೇಲಿನ ಋಣಾವೇಶವೂ ಹೀಗೆಯೇ. ಅದು ಬೆಳೆದಂತೆ ಹೊಸ ಎಲೆಕ್ಟ್ರಾನುಗಳನ್ನು ಹಿಂದಕ್ಕೆ ತಳ್ಳುತ್ತದೆ, ಧನ ಅಯಾನುಗಳನ್ನು ಸೆಳೆಯುತ್ತದೆ, ಅವು ಬಂದು ಆವೇಶವನ್ನು ಅಳಿಸುತ್ತವೆ. ಈ ಲೆಕ್ಕಕ್ಕೆ ಬುನಾದಿ ಹಾಕಿದವರು 1926ರಲ್ಲಿ ಮಾಟ್-ಸ್ಮಿತ್ ಮತ್ತು ಲ್ಯಾಂಗ್‌ಮ್ಯೂರ್. 1941ರಲ್ಲಿ ಲೈಮನ್ ಸ್ಪಿಟ್ಜರ್ ನಕ್ಷತ್ರಗಳ ನಡುವಿನ ದೂಳಿಗೆ ಲೆಕ್ಕ ಹಾಕಿದಾಗ, ಹೈಡ್ರೋಜನ್ ಪ್ಲಾಸ್ಮಾದಲ್ಲಿ ಕಣದ ಋಣ ವಿಭವವು ಎಲೆಕ್ಟ್ರಾನ್ ಉಷ್ಣತೆಯ ಸುಮಾರು ಎರಡೂವರೆ ಪಟ್ಟಿನಲ್ಲಿ ನಿಲ್ಲುತ್ತದೆ ಎಂದು ಕಂಡರು. ಇದೇ ಸ್ಪಿಟ್ಜರ್ ಹತ್ತು ವರ್ಷಗಳ ನಂತರ, 1951ರಲ್ಲಿ, ಪ್ರಿನ್ಸ್‌ಟನ್‌ನಲ್ಲಿ ಸ್ಟೆಲರೇಟರ್ ಎಂಬ ಸಮ್ಮಿಲನ ಯಂತ್ರವನ್ನು ಕಲ್ಪಿಸಿದರು. ಮೇಲೆ ಹೇಳಿದ ಎಲ್‌ಎಚ್‌ಡಿ ಆ ಕಲ್ಪನೆಯ ಕುಟುಂಬಕ್ಕೇ ಸೇರಿದ್ದು.

ಅಂತರತಾರಾ ದೂಳಿನ ಸೂತ್ರವನ್ನು ಯಂತ್ರಕ್ಕೆ ಹೊಂದಿಸಿ ನೋಡಿ. ಟೊಕಮ್ಯಾಕಿನ ಅಂಚಿನಲ್ಲಿ ಎಲೆಕ್ಟ್ರಾನ್ ಉಷ್ಣತೆ 10 ಎಲೆಕ್ಟ್ರಾನ್ ವೋಲ್ಟ್ (ಸುಮಾರು 1.16 ಲಕ್ಷ ಡಿಗ್ರಿ), ಸಾಂದ್ರತೆ ಘನ ಮೀಟರಿಗೆ 1ರ ಮುಂದೆ 19 ಸೊನ್ನೆಗಳಷ್ಟು ಎಂದಿಟ್ಟುಕೊಳ್ಳೋಣ. ಒಂದು ಮೈಕ್ರಾನ್ ತ್ರಿಜ್ಯದ ಕಣ ಮೈನಸ್ 25 ವೋಲ್ಟಿಗೆ ಇಳಿಯುತ್ತದೆ, ಸುಮಾರು 17,000 ಎಲೆಕ್ಟ್ರಾನುಗಳನ್ನು ಹೊರುತ್ತದೆ. ಇದಕ್ಕೆ ಕೆಲವೇ ನ್ಯಾನೋಸೆಕೆಂಡು ಸಾಕು.

ಇಲ್ಲೊಂದು ಆಕ್ಷೇಪವಿದೆ, ತೂಕದ ಆಕ್ಷೇಪವೇ. ಟೊಕಮ್ಯಾಕಿನಲ್ಲಿ ದೂಳನ್ನು ಓಡಿಸುವುದು ವಿದ್ಯುತ್ ಬಲವಲ್ಲ. ಹರಿಯುವ ಅಯಾನುಗಳ ಹೊಡೆತವೇ ಅದನ್ನು ಸೆಕೆಂಡಿಗೆ ಹತ್ತಾರು, ನೂರಾರು ಮೀಟರು ವೇಗಕ್ಕೆ ತಳ್ಳುತ್ತದೆ. ಹಾಗಿದ್ದ ಮೇಲೆ ಆವೇಶ ಎಷ್ಟಿದ್ದರೇನು? ಬಲದ ಮಟ್ಟಿಗೆ ಈ ಮಾತು ಸರಿ, ಶಾಖದ ಮಟ್ಟಿಗೆ ಅಲ್ಲ. ಋಣಾವೇಶ ಕಣಕ್ಕೆ ರಕ್ಷಾಕವಚ. ಎರಡೂವರೆ ಪಟ್ಟಿನ ಆ ವಿಭವವನ್ನು ಹತ್ತಿ ಬರಬಲ್ಲ ಎಲೆಕ್ಟ್ರಾನುಗಳು ಹನ್ನೆರಡರಲ್ಲಿ ಒಂದು ಮಾತ್ರ. ಮಿಕ್ಕವು ತಮ್ಮ ಶಾಖದೊಂದಿಗೆ ಹಿಂದಿರುಗುತ್ತವೆ. ಅಯಾನುಗಳು ಎಷ್ಟು ಬಡಿಯಬೇಕು ಎಂಬುದನ್ನೂ ಆವೇಶವೇ ನಿರ್ಧರಿಸುವುದರಿಂದ ಆ ತಳ್ಳುವ ಬಲದಲ್ಲೂ ಅದರ ಪಾಲಿದೆ.

ಈ ಕವಚ ಕಳಚುವುದು ಕಣ ಕಾದಾಗ. ಕಾದ ಲೋಹ ತಾನಾಗಿ ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಓವೆನ್ ರಿಚರ್ಡ್‌ಸನ್‌ಗೆ 1928ರ ನೊಬೆಲ್ ಬಂದದ್ದು ಇದರ ನಿಯಮಕ್ಕೆ. ಕೆರೆಗೆ ಎರಡನೆಯ ತೂಬು ತೆರೆದಂತೆ. ಟಂಗ್‌ಸ್ಟನ್ (ಇಂಥ ಯಂತ್ರಗಳ ಗೋಡೆಗೆ ಹೊದಿಸುವ ಲೋಹ) ಕರಗುವುದು 3,422 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಕಾಯುವ ಮೊದಲೇ, 3,000 ಕೆಲ್ವಿನ್ ಸುಮಾರಿಗೆ, ಅದು ಚದರ ಮೀಟರಿಗೆ ಲಕ್ಷ ಆಂಪಿಯರ್ ಮೀರಿದ ಎಲೆಕ್ಟ್ರಾನ್ ಪ್ರವಾಹವನ್ನು ಸೂಸುತ್ತದೆ. ಮೇಲೆ ಹೇಳಿದ ಪ್ಲಾಸ್ಮಾದಲ್ಲಿ ಅಯಾನುಗಳು ತರುವುದು ಹತ್ತಾರು ಸಾವಿರ ಆಂಪಿಯರ್ ಮಾತ್ರ. ಕರಗುವ ಹೊತ್ತಿಗೆ ಹೊರಸೂಸುವಿಕೆ ಒಳಬರುವ ಎಲೆಕ್ಟ್ರಾನುಗಳನ್ನೂ ಮೀರಿಸಿ ಕಣವನ್ನು ಧನದ ಕಡೆಗೆ ಹೊರಳಿಸುತ್ತದೆ. ಆಗ ತಡೆಯೇ ಇಲ್ಲ, ಹನ್ನೆರಡು ಪಟ್ಟು ಎಲೆಕ್ಟ್ರಾನುಗಳು ಮೈಮೇಲೆ ಬೀಳುತ್ತವೆ. ಹೊರಹೋಗುವ ಎಲೆಕ್ಟ್ರಾನುಗಳು ಶಾಖ ಒಯ್ದು ಕಣವನ್ನು ತಣಿಸುವುದಿಲ್ಲವೇ ಎಂದು ಕೇಳಬಹುದು. ತಣಿಸುತ್ತವೆ, ಆದರೆ ಸಾಲುವಷ್ಟಲ್ಲ: ಟಂಗ್‌ಸ್ಟನ್ ಬಿಟ್ಟು ಹೊರಡುವ ಎಲೆಕ್ಟ್ರಾನು ಒಯ್ಯುವುದು ಐದು ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು, ಒಳಬರುವುದು ತರುವುದು ಸರಾಸರಿ ಇಪ್ಪತ್ತು. ಕಾದಷ್ಟೂ ಕವಚ ತೆಳುವಾಗುತ್ತದೆ, ತೆಳುವಾದಷ್ಟೂ ಕಣ ಕಾಯುತ್ತದೆ. ಹಾಗಾಗಿ 'ಪ್ಲಾಸ್ಮಾದ ದೂಳು ಋಣಾವೇಶದ್ದು' ಎಂಬ ಪಠ್ಯಪುಸ್ತಕದ ಮಾತು ತಣ್ಣನೆಯ ಕಣಕ್ಕೆ ಮಾತ್ರ ಹೊಂದುತ್ತದೆ, ರಿಯಾಕ್ಟರಿನ ಬಿಸಿ ಟಂಗ್‌ಸ್ಟನ್‌ಗೆ ಹೊಂದುವುದಿಲ್ಲ.

ಲ್ಯಾಂಗ್‌ಮ್ಯೂರ್ ಸೂತ್ರ ಕಾಂತಕ್ಷೇತ್ರವನ್ನು ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ ಎಂಬುದೂ ನಿಜ. 5 ಟೆಸ್ಲಾ ಕ್ಷೇತ್ರದಲ್ಲಿ ಈ ಎಲೆಕ್ಟ್ರಾನುಗಳು ಸುತ್ತುವ ವೃತ್ತದ ತ್ರಿಜ್ಯ ಸುಮಾರು ಎರಡು ಮೈಕ್ರಾನ್. ಅದಕ್ಕಿಂತ ದೊಡ್ಡ ಕಣಕ್ಕೆ ಎಲೆಕ್ಟ್ರಾನುಗಳು ಎಲ್ಲ ದಿಕ್ಕಿನಿಂದ ಬರಲಾರವು. ಅಂಕಿಗಳನ್ನು ತಿದ್ದಬೇಕಾಗುತ್ತದೆ, ಕವಚ ಕಳಚುವ ವಾದವನ್ನಲ್ಲ.

ಇಷ್ಟು ಸಣ್ಣ ಕಣಕ್ಕೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು? ನೂರು ಮೈಕ್ರಾನ್ ವ್ಯಾಸದ, ಕೂದಲೆಳೆ ದಪ್ಪದ ಟಂಗ್‌ಸ್ಟನ್ ಗುಂಡಿನ ತೂಕ 10 ಮೈಕ್ರೋಗ್ರಾಂ. ಬ್ರಿಟನ್ನಿನ ಜೆಟ್ ಯಂತ್ರದಂಥ, ಸುಮಾರು 80 ಘನ ಮೀಟರಿನ ಪ್ಲಾಸ್ಮಾದಲ್ಲಿ ಅದು ಪೂರ್ತಿ ಬೆರೆತರೆ ಲಕ್ಷ ಎಲೆಕ್ಟ್ರಾನಿಗೆ ಹತ್ತಿರಹತ್ತಿರ ಒಂದು ಟಂಗ್‌ಸ್ಟನ್ ಪರಮಾಣು. ಇಂಥ ಭಾರ ಧಾತು ಒಡಲಿನ ಶಾಖವನ್ನು ವಿಕಿರಣವಾಗಿ ಸೋರಿಸುತ್ತದೆ. ಲಕ್ಷಕ್ಕೆ ಕೆಲವು ಪರಮಾಣುಗಳಾದರೂ ಸಮ್ಮಿಲನದ ಉರಿ ಕುಂದುತ್ತದೆ. ಒಳಗೋಡೆಗೆ ಬೆರಿಲಿಯಂ ಬಿಟ್ಟು ಟಂಗ್‌ಸ್ಟನ್ ಹೊದಿಸಲು ಐಟರ್ ಎಂಬ ಅಂತರರಾಷ್ಟ್ರೀಯ ಸಮ್ಮಿಲನ ಯೋಜನೆ 2023ರಲ್ಲಿ ತೀರ್ಮಾನಿಸಿದ ಮೇಲೆ ಈ ಲೆಕ್ಕದ ಮಹತ್ವ ಇನ್ನೂ ಹೆಚ್ಚಿದೆ.

ಯಂತ್ರ ಆರಿಸಿದ ಮೇಲೂ ಆವೇಶ ಹೋಗುವುದಿಲ್ಲ. ದೂಳು ಹೀರಿಕೊಂಡ ವಿಕಿರಣಶೀಲ ಇಂಧನ ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ. ಅದು ಬೀಟಾ ಕಣವನ್ನು, ಅಂದರೆ ಎಲೆಕ್ಟ್ರಾನನ್ನು, ಹೊರಗೆಸೆದಾಗಲೆಲ್ಲ ದೂಳು ಧನಾವೇಶ ಗಳಿಸುತ್ತದೆ. ನೆಲಕ್ಕೆ ಅಂಟಿಯೇ ಇರುತ್ತದೋ, ಮತ್ತೆ ಏಳುತ್ತದೋ ಎಂಬುದರಲ್ಲಿ ಆ ಆವೇಶದ ಪಾತ್ರವಿದೆ. ಐಟರ್ ತನ್ನ ನಿರ್ವಾತ ಪಾತ್ರೆಯೊಳಗಿನ ಒಟ್ಟು ದೂಳಿಗೆ ಹಾಕಿಕೊಂಡ ಮಿತಿ 1,000 ಕಿಲೋಗ್ರಾಂ. ತೂಕದ ಈ ಮಿತಿ ಅಗತ್ಯ, ಆದರೆ ಸಾಲದು. ಆ ದೂಳಿನ ಆವೇಶವನ್ನೂ ಅಳೆದು ಲೆಕ್ಕಕ್ಕೆ ಸೇರಿಸಲೇಬೇಕು.