ಬಾಸ್ಕ್ ಆರ್ಗನ್ ವಾದಕ ಹೆಸೂಸ್ ಗುರಿದಿ

ಸ್ಪೇನ್ ದೇಶದ ಉತ್ತರದಲ್ಲಿಯೂ ಫ್ರಾನ್ಸಿನ ನೈರುತ್ಯದ ಅಂಚಿನಲ್ಲಿಯೂ ಇರುವ ಬಾಸ್ಕರ ಭಾಷೆಗೆ ಬೇರೆ ಯಾವ ಜೀವಂತ ಭಾಷೆಯೊಡನೆಯೂ ಬಾಂಧವ್ಯವು ಸಿದ್ಧಪಟ್ಟಿಲ್ಲ. ಆ ನುಡಿಯ ಜನಪದಗೀತಗಳ ಧಾಟಿಯನ್ನು ಶಾಸ್ತ್ರೀಯ ಸಂಗೀತಕ್ಕೆ ತಂದವರಲ್ಲಿ ಹೆಸೂಸ್ ಗುರಿದಿಯು ಪ್ರಮುಖನು.

ಈತನು 1886ರಲ್ಲಿ ವಿಟೋರಿಯಾ ನಗರದಲ್ಲಿ ಜನಿಸಿದನು. ಪ್ಯಾರಿಸ್ಸಿನ ಸ್ಕೋಲಾ ಕ್ಯಾಂಟೋರಮ್ ಎಂಬ ಶಾಲೆಯಲ್ಲಿ ವ್ಯಾಸಂಗಮಾಡಿ, ಬಿಲ್ಬಾವೊ ನಗರದ ಸಾಂತಿಯಾಗೊ ಇಗರ್ಜಿಯಲ್ಲಿ ಆರ್ಗನ್ ವಾದಕನಾದನು. ಆ ಊರಿನ ಗಾಯಕವೃಂದವನ್ನೂ ನಡೆಸಿದನು. ‘ಅಮಾಯಾ’ (1920), ‘ಎಲ್ ಕಸೆರಿಯೊ’ (1926) ಎಂಬ ಗೀತನಾಟಕಗಳು ಈತನಿಗೆ ಕೀರ್ತಿಯನ್ನು ತಂದುವು.

ಆರ್ಗನ್ನಿನಲ್ಲಿ ಎರಡು ಕೈಗಳೂ ಎರಡು ಪಾದಗಳೂ ಏಕಕಾಲದಲ್ಲಿ ಬೇರೆ ಬೇರೆ ಸ್ವರಪಂಕ್ತಿಗಳನ್ನು ನಡೆಸುವುವು. ಈ ಅಭ್ಯಾಸದ ಫಲವನ್ನು ‘ಹತ್ತು ಬಾಸ್ಕ್ ಧಾಟಿಗಳು’ ಎಂಬ ವಾದ್ಯವೃಂದದ ಕೃತಿಯಲ್ಲಿ ಕಾಣಬಹುದು. ಅಲ್ಲಿ ಜನಪದದ ಧಾಟಿಯು ಬಹುಮಟ್ಟಿಗೆ ಕೆಡದೆ ನಿಲ್ಲುವುದು. ಅದನ್ನು ಬಳಸಿ ನಡೆಯುವ ಇತರ ಸ್ವರಪಂಕ್ತಿಗಳು ಅದರ ಭಾವವನ್ನು ಬೆಳಗುವುವು. 1936-39ರ ಅಂತರ್ಯುದ್ಧವು ಮುಗಿದು, ಫ್ರಾಂಕೋವಿನ ಆಡಳಿತವು ಬಾಸ್ಕ್ ನುಡಿಯನ್ನು ಸಾರ್ವಜನಿಕ ಜೀವನದಿಂದ ಹೊರದೂಡಿದ್ದ ಕಾಲವದು. ಆ ನುಡಿಯ ಪದಗಳನ್ನು ಕಳಚಿಟ್ಟ ಧಾಟಿಗಳು 1941ರಲ್ಲಿ ರಾಜಧಾನಿಯಾದ ಮ್ಯಾಡ್ರಿಡ್ಡಿನಲ್ಲಿಯೇ ಕೇಳಿಬಂದುವು.

ಆರ್ಗನ್ನಿಗಾಗಿ 1953ರಲ್ಲಿ ರಚಿಸಿದ ‘ಒಳ್ಳೆಯ ಕುರುಬ’ನೆಂಬ ಕೃತಿಯು ಮಂದೆ, ಕಳೆದುಹೋದ ಕುರಿ, ಕುರುಬ ಎಂದು ಮೂರು ಖಂಡಗಳುಳ್ಳದ್ದು. ಗುರಿದಿಯು 1961ರಲ್ಲಿ ಮ್ಯಾಡ್ರಿಡ್ಡಿನಲ್ಲಿ ತೀರಿಕೊಂಡನು. ಜನಪದಗೀತವನ್ನು ಶಾಸ್ತ್ರಕ್ಕೆ ಅಳವಡಿಸುವಾಗ ಅದರ ಸಹಜರೂಪವನ್ನು ಅಳಿಸಬೇಕಾಗಿಲ್ಲವೆಂಬುದಕ್ಕೆ ಈತನ ಕೃತಿಗಳೇ ಸಾಕ್ಷಿ.